ಅಗಲಿದವರನ್ನು ನೆನೆಯುತ್ತಾ ಅಕ್ಕನ ವಚನ ಹಿಡಿದೆ

ನಮ್ಮ ಮನೆಯವರು ತೀರಿಕೊಂಡಾಗ ಬಂದವರೆಲ್ಲ ಒಂದೇ ಮಾತು ಹೇಳಿದರು: "ಲಿಂಗೈಕ್ಯರಾಗಿದ್ದಾರೆ, ಅಳಬಾರದವ್ವ." ನಮ್ಮಲ್ಲಿ ಹಾಗೆ ಹೇಳುವುದು ರೂಢಿ. ನನಗೆ ಮಾತ್ರ ಅಳು ನಿಲ್ಲುತ್ತಿರಲಿಲ್ಲ. ಇಷ್ಟಲಿಂಗ ಹಿಡಿದು ಪೂಜೆಗೆ ಕೂತರೂ ಕಣ್ಣ ಮುಂದೆ ಅವರೇ ಬರುತ್ತಿದ್ದರು.

ಸಮಾಧಾನಕ್ಕೆಂದು ಅಕ್ಕಮಹಾದೇವಿಯ ವಚನ ತೆಗೆದೆ. ಮೊದಲು ಸಿಕ್ಕಿದ್ದು ಸಾವಿಲ್ಲದ, ಕೇಡಿಲ್ಲದ ಚೆಲುವನಿಗೆ ಒಲಿದೆ ಎನ್ನುವ ವಚನ. ಅದರ ಕೊನೆಗೆ, ಸಾಯುವ ಕೆಡುವ ಗಂಡಂದಿರನ್ನು ಒಲೆಗೆ ಹಾಕು ಅನ್ನುತ್ತಾಳೆ ಅಕ್ಕ. ಪುಸ್ತಕ ಮುಚ್ಚಿಬಿಟ್ಟೆ. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನನ್ನು ಒಲೆಗೆ ಹಾಕುವುದೆಂದರೆ ಹೇಗೆ? ಇವತ್ತಿಗೂ ಅದನ್ನು ನಾನು ಹಾಡುವುದಿಲ್ಲ. ಗಂಡನನ್ನು ಈಗಷ್ಟೇ ಕಳೆದುಕೊಂಡವರ ಕೈಗೆ ಅದನ್ನು ಕೊಡಲೂಬಾರದು.

ನನ್ನನ್ನು ಹಿಡಿದದ್ದು ಬೇರೆ ವಚನ. ಅದರಲ್ಲಿ ಅಕ್ಕ ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲು ಎಲ್ಲವನ್ನೂ ಕೇಳುತ್ತಾ ಹೋಗುತ್ತಾಳೆ: ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ? ಯಾವುದೂ ಉತ್ತರ ಕೊಡುವುದಿಲ್ಲ. ವಚನ ಕೇಳುವುದರಲ್ಲೇ ಮುಗಿಯುತ್ತದೆ. 12ನೇ ಶತಮಾನದಲ್ಲಿ ಉಡುತಡಿ ಬಿಟ್ಟು, ಕಲ್ಯಾಣ ಕಂಡು, ಶ್ರೀಶೈಲದ ಕದಳಿ ವನಕ್ಕೆ ಹೋದ ಅಕ್ಕನೇ ಹೀಗೆ ಹುಡುಕಿದಳಲ್ವಾ! ಇನ್ನು ನನಗೆಂಥ ನಾಚಿಕೆ?

ಅಂದಿನಿಂದ ನನ್ನ ಪೂಜೆಯ ರೀತಿ ಬದಲಾಯಿತು. ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಮೊದಲು ಅವರನ್ನೇ ನೆನೆಯುತ್ತೇನೆ. ನೆನಪನ್ನು ತಡೆಯುವುದಿಲ್ಲ. ಊಟಕ್ಕೆ ಕೂತಾಗ ಶೇಂಗಾ ಹಿಂಡಿ ಜಾಸ್ತಿ ಹಾಕು ಅನ್ನುತ್ತಿದ್ದದ್ದು, ಪೇಪರ್ ಓದುತ್ತಾ ನಿದ್ದೆ ಹೋಗುತ್ತಿದ್ದದ್ದು. ಎದೆ ತುಂಬಿ ಬಂದಾಗ ವಚನ ಶುರು ಮಾಡುತ್ತೇನೆ. ರಾಗ ಅಂತೇನಿಲ್ಲ. ಸುಮ್ನೆ ನಿಧಾನಕ್ಕೆ, ಒಂದೊಂದು ಹಕ್ಕಿಯ ಹೆಸರಿಗೂ ಒಂದು ಉಸಿರು. ಗಿಳಿ, ಕೋಗಿಲೆ ಅನ್ನುವಾಗ ನಾನು ಹುಡುಕುವುದು ನಮ್ಮ ಮನೆಯವರನ್ನೇ. ನವಿಲು ಬರುವಷ್ಟರಲ್ಲಿ ಯಾರನ್ನು ಹುಡುಕುತ್ತಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ. ಚೆನ್ನಮಲ್ಲಿಕಾರ್ಜುನ ಎಂದು ಬಾಯಲ್ಲಿ ಬರುವ ಹೊತ್ತಿಗೆ ಅದೇ ಹಂಬಲ ಅವನ ಕಡೆ ತಿರುಗಿರುತ್ತದೆ. ಕೆಲವು ದಿನ ತಿರುಗುವುದಿಲ್ಲ. ಅತ್ತು ಎದ್ದುಬಿಡುತ್ತೇನೆ. ಅದೂ ಪೂಜೆಯೇ ಅಂತ ನಂಬಿದ್ದೇನೆ.

ಯುಗಾದಿಗೆ ನಮ್ಮ ಕಡೆಯ ಜನ ಶ್ರೀಶೈಲದ ಮಲ್ಲಯ್ಯನ, ಅಂದರೆ ಅಕ್ಕನ ಚೆನ್ನಮಲ್ಲಿಕಾರ್ಜುನನ, ದರ್ಶನಕ್ಕೆ ನಡೆದು ಹೋಗುತ್ತಾರೆ. ನಮ್ಮ ಮನೆಯವರೂ ಹೋಗುತ್ತಿದ್ದರು. ಈ ಸಲ ನಾನು ಹೊರಟಿದ್ದೇನೆ. ಬಿಸಿಲು ಜೋರು, ನಲ್ಲಮಲ ಕಾಡು ಹಾಯಬೇಕು. ದಾರಿಯಲ್ಲಿ ದಾಸೋಹ ಮಾಡುವವರು ಇರುತ್ತಾರೆ, ಅನ್ನ ನೀರಿಗೆ ಚಿಂತೆಯಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನನ್ನ ಜೊತೆ ಬರುತ್ತಿದ್ದಾರೆ. ನಡೆಯುತ್ತಾ ಹೇಳಿಕೊಳ್ಳಲು ಅವರಿಗೂ ಈ ವಚನ ಕಲಿಸಿಕೊಟ್ಟಿದ್ದೇನೆ.