ಸುಂಟಿಕೊಪ್ಪದಲ್ಲಿ ಕೂತು ಬೆಂಗಳೂರಿನ ಎಐ ಕೆಲಸ ಹಿಡಿದದ್ದು: ನನ್ನ ಅನುಭವ

ಕೊಡಗಿನಲ್ಲೇ ಕೂತು ಬೆಂಗಳೂರಿನ ಎಐ ಕಂಪನಿಗಳಿಗೆ ಡೇಟಾ ಲೇಬಲಿಂಗ್ (ಎಐಗೆ ಕಲಿಸಲು ಚಿತ್ರಕ್ಕೆ ಗುರುತು ಹಾಕುವುದು, ಮಾತನ್ನು ಅಕ್ಷರಕ್ಕಿಳಿಸುವುದು) ಕೆಲಸ ಮಾಡಿಕೊಡುತ್ತೇನೆ ಅಂದಾಗ ನಂಬಿದವರು ಕಮ್ಮಿ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲ್ಲ, ಅಲ್ಲಿ ಎಂಥ ಎಐ ಮಾರಾಯ, ಅಂದವರು ಮೈಸೂರಿನಲ್ಲಿ ಇದೇ ಕೆಲಸದಲ್ಲಿರುವ ಗೆಳೆಯರು. ಈಗ ಯೂನಿಟ್ ಲಾಭದಲ್ಲಿದೆ. ಅದೇ ಗೆಳೆಯರು ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಟೂಲ್ ಯಾವುದು, ತಪ್ಪು ಅಳೆಯುವುದು ಹೇಗೆ ಇವೆಲ್ಲ ಈ ಕಸುಬಿನವರಿಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಶುರು ಮಾಡಿದ್ದು ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, ಹೆಡ್‌ಫೋನ್, ಅಡ್ವಾನ್ಸ್ ಎಲ್ಲ ಸೇರಿ ಮೂರೂವರೆ ಲಕ್ಷದ ಹತ್ತಿರ ಖರ್ಚಾಯಿತು. ಮೊದಲು ಸಿಕ್ಕಿದ್ದು ಟ್ರಾಫಿಕ್ ವಿಡಿಯೋದಲ್ಲಿ ಕಾರು, ಬೈಕು, ಆಟೋ ಸುತ್ತ ಚೌಕ ಎಳೆಯುವ ಕೆಲಸ. ಒಂದು ಚೌಕಕ್ಕೆ 70 ಪೈಸೆ ಅಂತ ನೆನಪು. ವರ್ಷ ತುಂಬುವ ಹೊತ್ತಿಗೆ ಟೂಲೇ ಚೌಕ ಎಳೆಯತೊಡಗಿತು, ನಮ್ಮದು ಬರೀ ಸರಿನೋಡುವ ಕೆಲಸವಾಯಿತು, ರೇಟು 20 ಪೈಸೆಗೆ ಇಳಿಯಿತು. ಅದರಲ್ಲಿ ಸಂಬಳ ಕೊಡುವುದಿರಲಿ, ಬಾಡಿಗೆ ಕೂಡ ಹುಟ್ಟುವುದಿಲ್ಲ. ನಮಗೆ ಆ ಕೆಲಸ ಕೊಡುತ್ತಿದ್ದ ಬೆಳ್ಳಂದೂರಿನ ತಂಡದಲ್ಲೂ ಅಷ್ಟೇ, ಇಡೀ ಫ್ಲೋರ್ ತುಂಬಾ ಇದ್ದವರು ಒಂದು ಮೂಲೆಗೆ ಬಂದರು.

ಆಮೇಲೆ ಕನ್ನಡ ಆಡಿಯೋಗೆ, ಅಂದರೆ ಮಾತು ಕೇಳಿ ಅಕ್ಷರಕ್ಕಿಳಿಸುವ ಕೆಲಸಕ್ಕೆ ಬಂದೆವು. 2022 ಈ ಕೆಲಸಕ್ಕೆ ದೊಡ್ಡ ವರ್ಷ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ ಬಂತು, ಓಪನ್‌ಎಐನವರು ಮಾತನ್ನು ಬರಹ ಮಾಡುವ ವಿಸ್ಪರ್ ಬಿಟ್ಟರು, ಐಐಎಸ್‌ಸಿಯವರ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸಲು ಹೊರಟಿತು. ಬೆಂಗಳೂರಿನಲ್ಲಿ ಸಣ್ಣ ದೊಡ್ಡ ಕಂಪನಿಗಳೆಲ್ಲ ಕನ್ನಡದಲ್ಲಿ ಮಾತಾಡುವ ಬಾಟ್ ಮಾಡಲು ಕೂತವು. ಒಂದು ಗಂಟೆ ಆಡಿಯೋಗೆ 900, 1000 ರೂಪಾಯಿ ಸಿಗುತ್ತಿತ್ತು. ನಮ್ಮ ಹುಡುಗಿಯರಿಗೆ ಅದು ಆರೇಳು ಗಂಟೆಯ ಕೆಲಸ. ಸುಮಾರಾಗಿ ನಡೆಯಿತು. ಅಷ್ಟರಲ್ಲಿ ಇಲ್ಲೂ ಮಷೀನೇ ಮೊದಲ ಕರಡು ಬರೆದುಕೊಡುವ ಹಾಗಾಯಿತು. ಸುಮ್ನೆ ತಿದ್ದಿಕೊಡಿ ಸಾಕು ಅಂತ 350 ರೂಪಾಯಿಗೆ ಬಂದು ನಿಂತರು.

ತಿದ್ದುವುದು ಸುಲಭ ಅಂದುಕೊಂಡವರಿಗೆ ಒಂದು ಮಾದರಿ ತೋರಿಸುತ್ತೇನೆ. ಅಸಲಿ ಕರೆ ಹಾಕುವಂತಿಲ್ಲ, ಇದು ಅದೇ ಥರದ್ದು. ಕಾಫಿ ಬೆಳೆಗಾರ ವ್ಯಾಪಾರಿಗೆ ಹೇಳುತ್ತಾನೆ: ‘ಚೆರಿ ಕಣದಲ್ಲೇ ಇದೆ, ಓಟಿ ಇಪ್ಪತ್ತೇಳು ಬರುತ್ತೆ, ಮರಗಸಿ ಮುಗಿಸಿ ಲೋಡ್ ಕಳಿಸ್ತೀನಿ.’ ಮಷೀನ್ ಬರೆಯುವುದು: ‘ಚೆರಿ ಕಾಣದಲ್ಲೇ ಇದೆ, ಓಟು ಇಪ್ಪತ್ತೇಳು ಬರುತ್ತೆ, ಮರ ಹಸಿ ಮುಗಿಸಿ ಲೋಡ್ ಕಳಿಸ್ತೀನಿ.’ ‘ಓಟು ಇಪ್ಪತ್ತೇಳು ಬರುತ್ತೆ’ ಅನ್ನುವುದು ಚೆಂದದ ಕನ್ನಡವೇ ಅಲ್ವಾ? ಬೆಂಗಳೂರಿನಲ್ಲಿ ತಿದ್ದುವವರು ಅದನ್ನು ಮುಟ್ಟುವುದೇ ಇಲ್ಲ. ಇಲ್ಲಿ ಚೆರಿ ಅಂದರೆ ಕಾಫಿ ಹಣ್ಣು, ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಸವರುವುದು. ಓಟಿ ಅಂದರೆ ಔಟ್‌ಟರ್ನ್, 50 ಕೆಜಿ ಒಣ ಚೆರಿಯಿಂದ ಎಷ್ಟು ಕೆಜಿ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಇಳಿಯುತ್ತದೆ ಅನ್ನುವ ಲೆಕ್ಕ. ಚೀಲದ ರೇಟು ನಿಲ್ಲುವುದೇ ಅದರ ಮೇಲೆ. ಇಪ್ಪತ್ತೇಳು ಇದ್ದದ್ದು ಇಪ್ಪತ್ತೈದು ಅಂತ ಬರೆದುಕೊಂಡರೆ ಒಂದು ಲೋಡಿಗೆ ಎಷ್ಟು ಹೋಗುತ್ತದೆ ಅಂತ ತೋಟ ಇರುವವರಿಗೆ ನಾನು ಹೇಳಬೇಕಿಲ್ಲ.

ಹಾಗಾಗಿ ತೋಟದ ಲೆಕ್ಕ ಬರೆಯುತ್ತಿದ್ದ, ರಿಟೈರ್ ಆದ ಒಬ್ಬ ಎಸ್ಟೇಟ್ ರೈಟರನ್ನು ಅರ್ಧ ದಿನದ ಕೆಲಸಕ್ಕೆ ಕರೆದೆ. ವಯಸ್ಸು ಎಪ್ಪತ್ತರ ಹತ್ತಿರ, ಕಂಪ್ಯೂಟರ್ ಮುಟ್ಟಿದವರಲ್ಲ. ನೋಡಿದವರೆಲ್ಲ ಇದು ಯಾಕಪ್ಪ ಅಂದರು. ಅವರು ಹೆಡ್‌ಫೋನ್ ಹಾಕಿ ಕೂತು ಕೇಳುವುದು, ಪಕ್ಕದಲ್ಲಿ ಒಬ್ಬ ಹುಡುಗಿ ಟೈಪ್ ಮಾಡುವುದು. ಕೆಲವೇ ತಿಂಗಳಲ್ಲಿ ಚೆರಿ, ಪಾರ್ಚ್‌ಮೆಂಟ್, ಪಲ್ಪರ್, ಗೊಬ್ಬರ, ಕೂಲಿ ಲೆಕ್ಕ, ಹೂಮಳೆ, ಬ್ಯಾಕಿಂಗ್ ಮಳೆ ಅಂತ ಎರಡು ಸಾವಿರದಷ್ಟು ತೋಟದ ಪದಗಳ ಪಟ್ಟಿ ಆಯಿತು, ಒಂದೊಂದನ್ನೂ ಜನ ಯಾವ್ಯಾವ ಥರ ಉಚ್ಚರಿಸುತ್ತಾರೆ ಅನ್ನುವುದರ ಸಮೇತ. ಇಂಥ ಪಟ್ಟಿ ನಾನು ಬೇರೆಲ್ಲೂ ನೋಡಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ.

ಅದನ್ನು ಮಾರಿದ ರೀತಿಯೇ ಗೆದ್ದದ್ದು. ಎಚ್‌ಎಸ್‌ಆರ್ ಲೇಔಟಿನಲ್ಲಿ ರೈತರಿಗಾಗಿ ಧ್ವನಿ ಸಹಾಯಕ ಮಾಡುತ್ತಿದ್ದ ತಂಡವೊಂದಿತ್ತು. ಅವರ ಅರ್ಧ ಗಂಟೆ ಆಡಿಯೋ ತೆಗೆದುಕೊಂಡು ಪುಕ್ಕಟೆ ತಿದ್ದಿಕೊಟ್ಟೆ. ಒಟ್ಟು ತಪ್ಪು ಎಷ್ಟು ಪರ್ಸೆಂಟ್ ಅಂತ ಹೇಳಲೇ ಇಲ್ಲ. ದುಡ್ಡಿಗೆ ಕುತ್ತು ತರುವ ತಪ್ಪುಗಳಿಗಷ್ಟೇ ಕೆಂಪು ಬಣ್ಣ ಹಾಕಿದೆ: ತೂಕ, ರೇಟು, ಓಟಿ, ಔಷಧದ ಅಳತೆ, ತಾರೀಕು. ಬ್ಯಾರಲ್ಲಿಗೆ ನೂರು ಎಂಎಲ್ ಅಂದದ್ದು ಆರುನೂರು ಅಂತ ಬಿದ್ದ ಜಾಗ ತೋರಿಸಿದಾಗ ಅವರ ಪ್ರಾಡಕ್ಟ್ ಮ್ಯಾನೇಜರ್ ಲ್ಯಾಪ್‌ಟಾಪ್ ತಿರುಗಿಸಿಕೊಂಡು ತಾನೇ ಮೂರು ಸಲ ಕೇಳಿದರು. ಗಂಟೆಗೆ 2,300 ರೂಪಾಯಿಗೆ ಒಪ್ಪಿದರು. ಕಳೆದ ವರ್ಷ ಬಿಲ್ ಮಾಡಿದ್ದು 30 ಲಕ್ಷದ ಆಸುಪಾಸು, ಅದರಲ್ಲಿ ಸಂಬಳಕ್ಕೇ 18 ಲಕ್ಷ ಹೋಗಿದೆ. ಬೆಂಗಳೂರಿನ ದುಡ್ಡು ಸುಂಟಿಕೊಪ್ಪದ ದಿನಸಿ ಅಂಗಡಿ ತನಕ ಬರುತ್ತಿರುವುದು ಹೀಗೆ. ಬೆಂಗಳೂರಿನಲ್ಲಿ ಇಂಜಿನಿಯರ್‌ಗಳಿಗೆ ಬರವಿಲ್ಲ. ಓಟಿ ಅಂದರೆ ಏನು ಅಂತ ಗೊತ್ತಿರುವ ಕಿವಿ ಅಲ್ಲಿಲ್ಲ. ಗುಂಪುಗುಂಪಾಗಿ ಮಾಡುವ ಕೆಲಸವನ್ನು ಎಐ ನುಂಗುತ್ತಿದೆ, ಒಂದು ಕಸುಬು ಗೊತ್ತಿರುವವರ ಬೆಲೆ ಏರಿಸುತ್ತಿದೆ. ನಾನು ಕಂಡದ್ದು ಇಷ್ಟು.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ಬಿದ್ದು ಲೈನ್ ಹೋಗುವುದು, ಅದೇ ಮರಕ್ಕೆ ಫೈಬರ್ ತುಂಡಾಗುವುದು ಇಲ್ಲಿ ಮಾಮೂಲಿ. ಮೊದಲು ಜನರೇಟರ್ ಇಟ್ಟಿದ್ದೆ, ತಿಂಗಳಿಗೆ 25 ಸಾವಿರದಷ್ಟು ಡೀಸೆಲ್ ಕುಡಿದು ಲಾಭವನ್ನೆಲ್ಲ ತಿಂದಿತು. ಅದನ್ನು ಮಾರಿ ಲಿಥಿಯಂ ಬ್ಯಾಟರಿ ಇನ್ವರ್ಟರ್ ಹಾಕಿಸಿದೆ, ಒಂದೂವರೆ ಲಕ್ಷ ಆಯಿತು. ಕೆಲಸವನ್ನೆಲ್ಲ ಆಫ್‌ಲೈನ್‌ಗೆ ತಂದೆವು. ನೆಟ್ ಇದ್ದಾಗ ಆಡಿಯೋ ಇಳಿಸಿಕೊಳ್ಳುವುದು, ಬರೆದ ಪಠ್ಯ ಮಾತ್ರ ವಾಪಸ್ ಕಳಿಸುವುದು. ಪಠ್ಯಕ್ಕೆ ಮೊಬೈಲ್ ಸಿಗ್ನಲ್ಲಿನ ಎರಡು ಕಡ್ಡಿ ಸಾಕು. ಒಂದು ಕರೆಯನ್ನು ಯಾರಿಗೆ ಹೇಗೆ ಹಂಚಿದರೆ ಡೆಡ್‌ಲೈನ್ ತಪ್ಪುವುದಿಲ್ಲ ಅನ್ನುವುದಕ್ಕೆ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದೇ ನನ್ನ ಅನ್ನ.

ಕರೆಂಟಿಗಿಂತ ಜಾಸ್ತಿ ಕಾಡಿದ್ದು ಕಾಫಿ ಕೊಯ್ಲು. 2024ರಲ್ಲಿ ರೋಬಸ್ಟಾ ರೇಟು ಹಿಂದೆಂದೂ ಕಾಣದಷ್ಟು ಏರಿತಲ್ಲ, ಕೊಯ್ಯುವವರಿಗೂ ಕೆಜಿ ಲೆಕ್ಕದಲ್ಲಿ ಒಳ್ಳೆ ಕೂಲಿ ಬಂತು. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುತ್ತಿದ್ದ ಡಿಗ್ರಿ ಓದಿದ ಹುಡುಗಿಯರು ಕೂಡ ಜನವರಿಯಲ್ಲಿ ತೋಟಕ್ಕೆ ಹೋದರು. ತಪ್ಪೇನಿಲ್ಲ, ಮನೆ ನಡೆಯಬೇಕು. ಆ ಮೂರು ತಿಂಗಳು ಸಂಜೆ ಹೊತ್ತು ಮೂರು ಗಂಟೆ ಅವಧಿಯ ಪಾಳಿ ಮಾಡಿ, ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಟ್ಟೆ. ಹಗಲು ತೋಟದಲ್ಲಿದ್ದವರು ಸಂಜೆ ಆ ಮಾತನ್ನೇ ಕೇಳಿ ಬರೆಯುವಾಗ ತಪ್ಪು ಇನ್ನೂ ಕಮ್ಮಿಯಾಯಿತು, ಇದು ನಾನು ನಿರೀಕ್ಷಿಸದ ಲಾಭ.

ದುಡ್ಡು ವಸೂಲಿ ಬಗ್ಗೆ. ಒಂದು ಕಂಪನಿ ಐದು ತಿಂಗಳ ಹತ್ತಿರ ಪೇಮೆಂಟ್ ಎಳೆದಾಡಿತು, ಸಂಬಳಕ್ಕೆ ಹೆಂಡತಿಯ ಬಳೆ ಅಡವಿಟ್ಟೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸದವರು ಇವತ್ತೇ ಮಾಡಿಸಿ, ಪುಕ್ಕಟೆ. ನಂಬರನ್ನು ಬಿಲ್ಲಿನ ಮೇಲೆ ದಪ್ಪಕ್ಷರದಲ್ಲಿ ಹಾಕಿ. ಒಪ್ಪಂದ ಇದ್ದರೂ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. 2023-24ರಿಂದ ಆದಾಯ ತೆರಿಗೆಯ ನಿಯಮವೂ ಸೇರಿಕೊಂಡಿದೆ: ಗಡುವು ಮೀರಿ ಬಾಕಿ ಉಳಿಸಿಕೊಂಡರೆ ಆ ಖರ್ಚನ್ನು ಅವರು ನಿಜವಾಗಿ ದುಡ್ಡು ಕೊಟ್ಟ ವರ್ಷದಲ್ಲೇ ತೋರಿಸಬೇಕು. ಮಾರ್ಚ್ ಬಂತೆಂದರೆ ಅವರ ಅಕೌಂಟೆಂಟೇ ಫೋನ್ ಮಾಡುತ್ತಾರೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅರೇಬಿಕಾ ಗಿಡದ ಬಿಳಿ ಕಾಂಡಕೊರಕ ಹುಳದ ಕಾಟವನ್ನು ಮೊಬೈಲ್ ಫೋಟೋದಲ್ಲಿ ಹಿಡಿಯಬಹುದಾ ಅಂತ 40 ಸಾವಿರ ಹಾಕಿ ನೋಡಿದೆ. ಕಾಂಡದ ಮೇಲಿನ ಉಬ್ಬುಗೆರೆ ಯಾವುದು, ಪಾಚಿ ಯಾವುದು ಅಂತ ಮಾಡೆಲ್‌ಗೆ ಗೊತ್ತಾಗಲಿಲ್ಲ, ಬಿಟ್ಟೆ. ಕೊಡವರ ಭಾಷೆ ಕೊಡವ ತಕ್ಕ್ ಮಾತ್ರ ಬಿಟ್ಟಿಲ್ಲ. 2011ರ ಜನಗಣತಿಯಲ್ಲಿ ಅದನ್ನು ಮಾತಾಡುವವರು ಒಂದು ಲಕ್ಷ ಚಿಲ್ಲರೆ. ಹಿರಿಯರ ಮಾತನ್ನು ರೆಕಾರ್ಡ್ ಮಾಡಿ ಬರೆಸಿಡುತ್ತಿದ್ದೇವೆ. ಯಾವ ಕಂಪನಿಯೂ ಇದಕ್ಕೆ ದುಡ್ಡು ಕೊಡುತ್ತಿಲ್ಲ, ಭಾನುವಾರದ ಕೆಲಸ. ಇದು ಆಗಲೇಬೇಕು ಅಂತ ನನ್ನ ಹಟ.

ಸದ್ಯ ಕಾಳುಮೆಣಸು ವ್ಯಾಪಾರದ ಕರೆಗಳ ಕೆಲಸವೊಂದು ಮಾತುಕತೆಯಲ್ಲಿದೆ. ಅದರಲ್ಲಿ ಮಲಯಾಳ ಜಾಸ್ತಿ ಬೆರೆತಿದೆ. ವಿರಾಜಪೇಟೆ ಕಡೆಯ ಇಬ್ಬರನ್ನು ಗೊತ್ತು ಮಾಡಿಟ್ಟಿದ್ದೇನೆ. ಗಂಟೆಗೆ 3,000 ಕೇಳಿದ್ದೇನೆ, ಅವರು 2,600 ಅನ್ನುತ್ತಿದ್ದಾರೆ. ನಾನು ಇಳಿಯುವುದಿಲ್ಲ.