ದಾಳಿಂಬೆಯ ಶಲ್ಕ ಕೀಟ: ಚಾಟ್ನಿ ಕಡ್ಡಿ ಸುಡದೆ ಕಣಜ ಉಳಿಸಿದ್ದು

ಹೊಸದುರ್ಗ ಕಡೆಯ ನಾಲ್ಕು ಎಕರೆ ದಾಳಿಂಬೆಗೆ ಈ ಹಂಗಾಮಿನಲ್ಲಿ ಶಲ್ಕ ಕೀಟಕ್ಕೆಂದು ಒಂದು ಟ್ಯಾಂಕ್ ವಿಷವನ್ನೂ ಹೊಡೆದಿಲ್ಲ. ಚಾಟ್ನಿಯಲ್ಲಿ, ಅಂದರೆ ಗಿಡ ಸವರುವಾಗ, ಕತ್ತರಿಸಿದ ಕಡ್ಡಿ ಉಳಿಸಿದರೆ ಹುಳ ಸಾಕಿದಂತೆ ಎಂದವರೇ ಬಂದು ಕೊಂಬೆ ಮುಟ್ಟಿ ನೋಡಿ ಹೋದರು.

ಫೆಬ್ರವರಿ ಕೊನೆಗೆ ಬಿಸಿಲೇರಿದಂತೆ ಕೊಂಬೆ, ಎಲೆಗೆ ಅಂಟಿ ರಸ ಹೀರುವ ಮೆದು ಶಲ್ಕ ಹೆಚ್ಚುತ್ತದೆ. ಶಲ್ಕದಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಪರತಂತ್ರ ಕಣಜ ಮೂರ್ನಾಲ್ಕು ವಾರ ತಡವಾಗಿ ಬರುತ್ತದೆ. ಮೊದಲ ಮೂರು ಹಂಗಾಮು ಕೆಟ್ಟಿದ್ದು ಈ ಅಂತರದಲ್ಲೇ. ಎಲೆ ಮೇಲೆ ಶಲ್ಕ ಸುರಿಸಿದ ಸಿಹಿ ಅಂಟು, ಕಪ್ಪು ಬೂಷ್ಟು ಕಂಡು ಏಪ್ರಿಲ್‌ನಲ್ಲಿ ಪ್ರೊಫೆನೋಫಾಸ್ ಕೀಟನಾಶಕ ಹೊಡೆದೆ. ಚಿಪ್ಪಿನಡಿಯ ಮೊಟ್ಟೆ ಉಳಿಯಿತು, ಹಾರಾಡುವ ಕಣಜ ಸತ್ತಿತು. ಎಕರೆಗೆ ಸುಮಾರು ₹9,000 ಹೋಯಿತು, ಕೂಲಿ ಬೇರೆ.

ಈಗ ವಾರಕ್ಕೊಮ್ಮೆ 20 ಗಿಡದಿಂದ ಐದೈದು ಶಲ್ಕ ತೆಗೆದು ಮಸೂರದಲ್ಲಿ ನೋಡುತ್ತೇನೆ. ಕಪ್ಪಾದದ್ದು, ದುಂಡನೆ ತೂತಾದದ್ದು ಕಣಜದ ಲೆಕ್ಕ. ಅಂಚು ಹರಿದಿದ್ದರೆ ಅದು ಗುಲಗಂಜಿ ಹುಳ ತಿಂದದ್ದು. ಕಣಜದ ಲೆಕ್ಕ ನೂರಕ್ಕೆ ಮೂವತ್ತು ದಾಟಿದರೆ ಪಂಪು ಮುಟ್ಟುವುದಿಲ್ಲ.

ಮುಂಗಾರಿನ ಹೂವಿನ ಹಂಗಾಮಾದ ಮೃಗ ಬಹಾರಿಗೆ ಮೇ ತಿಂಗಳಲ್ಲಿ ಚಾಟ್ನಿ ಮಾಡುವಾಗ ಕಣಜದ ಮರಿ ಶಲ್ಕದೊಳಗೇ ಇರುತ್ತದೆ. ಕಡ್ಡಿ ಸುಟ್ಟರೆ ಅದೂ ಸುಟ್ಟಿತು. ಕಡ್ಡಿಯನ್ನು ಗಿಡದಿಂದ 15 ಅಡಿ ದೂರ, ನೆರಳಲ್ಲಿ, ಕಲ್ಲಿನ ಮೇಲೆ ಸಡಿಲವಾಗಿ ಒಟ್ಟಿ 20 ದಿನ ಬಿಡಬೇಕು. ಶಲ್ಕದ ಮರಿ ಅಷ್ಟು ದೂರ ನಡೆಯಲಾರದೆ ಸಾಯುತ್ತದೆ, ಕಣಜ ಹಾರಿ ತೋಟ ಸೇರುತ್ತದೆ. ಮೊದಲ ಸಲ ಬಿಸಿಲಿಗೆ ಹಾಕಿದ್ದೆ. ಮೂರೇ ದಿನಕ್ಕೆ ಕಡ್ಡಿ ಒಣಗಿ, ಶಲ್ಕದೊಡನೆ ಎಳೆ ಕಣಜವೂ ಸತ್ತಿತು. ದುಂಡಾಣು ಅಂಗಮಾರಿ ಚುಕ್ಕೆ ಇರುವ ಕಡ್ಡಿಯನ್ನು ಮಾತ್ರ ಸುಡಲೇಬೇಕು, ಅದರಲ್ಲಿ ರಾಜಿ ಇಲ್ಲ.

ಇರುವೆ ತಡೆಯದಿದ್ದರೆ ಇದೆಲ್ಲ ವ್ಯರ್ಥ. ಅಂಟಿಗಾಗಿ ಬರುವ ಇರುವೆ ಕಣಜವನ್ನು ಓಡಿಸುತ್ತದೆ. ಗ್ರೀಸನ್ನು ನೇರ ತೊಗಟೆಗೆ ಬಳಿದಲ್ಲಿ ತೊಗಟೆ ಸುಟ್ಟಿತು. ಮೊದಲು ಪ್ಲಾಸ್ಟಿಕ್ ಪಟ್ಟಿ ಬಿಗಿದು, ಅದರ ಮೇಲೆ ಬಳಿಯಬೇಕು. ಗಿಡಕ್ಕೆ ಮೂರ್ನಾಲ್ಕು ಕಾಂಡ, ಪಟ್ಟಿ ಕಟ್ಟದೆ ಒಂದನ್ನು ಬಿಟ್ಟರೂ ಇರುವೆಗೆ ಹತ್ತಲು ಸಾಕು. ಕಾಯಿ ಭಾರಕ್ಕೆ ಕೊಟ್ಟ ಊರುಗೋಲನ್ನು ಮರೆತು ಒಂದು ತಿಂಗಳು ಹಾಳಾಯಿತು, ಇರುವೆ ಅದರ ಮೇಲೇ ಹತ್ತಿತ್ತು. ಪಟ್ಟಿ, ಗ್ರೀಸು, ಆಳು ಸೇರಿ ಎಕರೆಗೆ ₹1,500ರ ಆಸುಪಾಸು.

ಹಳದಿ ಅಂಟುಬಲೆಯನ್ನೂ ತೂಗುಹಾಕಿ ನೋಡಿದೆ. ಅದಕ್ಕೆ ಕಣಜವೇ ಅಂಟಿತು, ಇಳಿಸಿದೆ. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳ ಬಿಟ್ಟ ಸಾಲಿನಲ್ಲಿ ಕಣಜ ಹೊಕ್ಕ ಶಲ್ಕವನ್ನೂ ಅದು ತಿಂದಿತು. ಹಿಟ್ಟು ತಿಗಣೆ ಹೆಚ್ಚಿದ್ದ ಮೂಲೆಯಲ್ಲಿ ಮಾತ್ರ ಅದರಿಂದ ಲಾಭವಾಯಿತು. ಕಣಜಕ್ಕೆ ಮಕರಂದ ಸಿಗಲೆಂದು ಬದುವಿನಲ್ಲಿ ಯಾವ ಹೂ ಬೆಳೆಸಿದೆ ಎಂಬುದನ್ನು ಇನ್ನೊಂದು ಹಂಗಾಮು ನೋಡಿ ಹೇಳುವೆ.

ಚಳಿಗಾಲದಲ್ಲಿ ಕಡ್ಡಿ ಕಡಿದವರು 20 ದಿನಕ್ಕೆ ಗುಡ್ಡೆ ತೆಗೆಯಬೇಡಿ. ಡಿಸೆಂಬರ್, ಜನವರಿಯಲ್ಲಿ ಕಣಜದ ಬೆಳವಣಿಗೆ ನಿಧಾನ. 35 ದಿನವಾದರೂ ಇರಲಿ.