ಸೂಕ್ಷ್ಮ ಚರ್ಮಕ್ಕೆ ಸನ್‌ಸ್ಕ್ರೀನ್: ಟ್ಯೂಬಿನ ಹಿಂಬದಿ ಓದಿ ಆರಿಸಿದ ನನ್ನ ಅನುಭವ

ಮಂಡ್ಯ ಜಿಲ್ಲೆಯ ವಿ.ಸಿ. ನಾಲೆಯ ಬಯಲಿನಲ್ಲಿ ಬೆಳೆ ಸಮೀಕ್ಷೆ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಗದ್ದೆಯ ಬದುಗಳ ಮೇಲೆಯೇ ಓಡಾಡಬೇಕಾಗುವುದರಿಂದ ಸನ್‌ಸ್ಕ್ರೀನ್ ನನಗೆ ಅಲಂಕಾರದ ವಸ್ತುವಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಹೆಚ್ಚಿನವು ನನ್ನ ಮುಖಕ್ಕೆ ಒಗ್ಗುವುದಿಲ್ಲ. ಕೆಲವು ಹಚ್ಚಿದ ಕೆಲವೇ ನಿಮಿಷಗಳಲ್ಲಿ ಉರಿಯುತ್ತವೆ, ತೊಳೆದರೆ ಶಮನವಾಗುತ್ತದೆ. ಇನ್ನು ಕೆಲವು ಆ ಹೊತ್ತಿಗೆ ಏನೂ ಮಾಡದೆ, ಒಂದೆರಡು ದಿನ ಬಿಟ್ಟು ಕಡಿತವನ್ನೂ ಸಣ್ಣ ಗುಳ್ಳೆಗಳನ್ನೂ ಎಬ್ಬಿಸುತ್ತವೆ. ಮೊದಲನೆಯದು ಬರಿಯ ಕಿರಿಕಿರಿ, ಎರಡನೆಯದು ಅಲರ್ಜಿ. ಇವೆರಡನ್ನೂ ಬೇರ್ಪಡಿಸಿ ನೋಡಲು ಕಲಿತ ಮೇಲೆಯೇ ಯಾವ ಪದಾರ್ಥವನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬಹುದು ಎಂಬ ವಿಚಾರಕ್ಕೆ ಅರ್ಥ ಬಂದಿತು.

ಇದಕ್ಕೆ ಬುನಾದಿ ಹಾಕಿಕೊಟ್ಟವರು ಮೈಸೂರಿನ ಚರ್ಮರೋಗ ತಜ್ಞೆಯೊಬ್ಬರು. ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ ಅವರು, "ಕಣ್ಣಿನ ರೆಪ್ಪೆ ಮೇಲೆ, ಕಿವಿ ಹಿಂದೆ, ಗಲ್ಲದ ಕೆಳಗೂ ಇದೆಯಲ್ಲಮ್ಮಾ, ಬರೀ ಬಿಸಿಲಿನದಾಗಿದ್ದರೆ ಅಲ್ಲಿಗೆಲ್ಲ ಬರೋದಿಲ್ಲ" ಎಂದರು. ಅಲರ್ಜಿ ಮಾಡಬಲ್ಲ ಪದಾರ್ಥಗಳನ್ನು ಸಣ್ಣ ಸಣ್ಣ ಪಟ್ಟಿಗಳಲ್ಲಿ ಚರ್ಮಕ್ಕೆ ತಾಗಿಸಿ ನೋಡುವ ಪ್ಯಾಚ್ ಟೆಸ್ಟನ್ನು ಬೆನ್ನಿನ ಮೇಲೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡಿ, 96 ಗಂಟೆಗೆ ಮತ್ತೊಮ್ಮೆ ನೋಡಿದಾಗ ಎರಡು ಜಾಗಗಳಲ್ಲಿ ಚರ್ಮ ಕೆಂಪಾಗಿ ಉಬ್ಬಿತ್ತು: ಒಂದು ಸುಗಂಧ ದ್ರವ್ಯಗಳ ಮಿಶ್ರಣ, ಇನ್ನೊಂದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ನಾಲೆಯ ಏರಿಯುದ್ದಕ್ಕೂ ಬೆಳೆದಿರುವ ಈ ಗಿಡದ ಧೂಳು ಗಾಳಿಯಲ್ಲಿ ಬಂದು ಕೂರುವಲ್ಲೆಲ್ಲ, ಅಂದರೆ ಬಿಸಿಲು ತಾಗದ ಮಡಿಕೆಗಳಲ್ಲೂ, ಚರ್ಮ ಕೆರಳುತ್ತದೆ. ನಮ್ಮ ಸೀಮೆಯಲ್ಲಿ ಮುಖದ ಕಡಿತಕ್ಕೆಲ್ಲ ಬಿಸಿಲನ್ನೋ ಕ್ರೀಮನ್ನೋ ದೂರುವ ಮೊದಲು ಈ ಗಿಡವನ್ನು ನೆನೆಯಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪಾರ್ಥೇನಿಯಂ ವಿಷಯ ತಿಳಿದದ್ದರಿಂದ ಸನ್‌ಸ್ಕ್ರೀನ್ ಆಯ್ಕೆಯೂ ಬದಲಾಯಿತು. ಅದು ಸೇವಂತಿಗೆಯ ಕುಟುಂಬಕ್ಕೆ ಸೇರಿದ ಗಿಡ. ಕ್ಯಾಮೊಮೈಲ್, ಕ್ಯಾಲೆಂಡುಲಾ, ಆರ್ನಿಕಾ ಕೂಡ ಅದೇ ಕುಟುಂಬದವು, ಮತ್ತು ಇವುಗಳ ಸಾರವನ್ನು ಚರ್ಮಕ್ಕೆ ಹಿತವೆಂದೇ ಕ್ರೀಮುಗಳಿಗೆ ಸೇರಿಸುತ್ತಾರೆ. ಪಾರ್ಥೇನಿಯಂ ಅಲರ್ಜಿ ಇದ್ದವರಿಗೆ ಇವೂ ಕೆರಳಿಸಬಹುದು. ಹೀಗಾಗಿ ಟ್ಯೂಬಿನ ಮುಂಭಾಗದಲ್ಲಿ ಎಲೆ, ಹೂವಿನ ಚಿತ್ರ ಕಂಡರೆ ನಾನು ಹಿಂಬದಿಯನ್ನು ಇನ್ನಷ್ಟು ನಿಧಾನವಾಗಿ ಓದುತ್ತೇನೆ. ಗಂಧ, ಮಲ್ಲಿಗೆಗಳ ವಿಷಯದಲ್ಲಿ ಮೈಸೂರಿನವರ ಮನಸ್ಸು ಒಪ್ಪುವುದು ಕಷ್ಟ. ನಮಗೆ ಅವು ತಂಪಿನ ವಸ್ತುಗಳು. ಆದರೆ ಗಂಧದೆಣ್ಣೆಯಾಗಲಿ ಮಲ್ಲಿಗೆಯ ಸಾರವಾಗಲಿ ಅಲರ್ಜಿ ಉಂಟುಮಾಡಬಲ್ಲ ಸುಗಂಧ ದ್ರವ್ಯಗಳೇ ಆಗಿವೆ. ಪಟ್ಟಿಯಲ್ಲಿ 'ಫ್ರಾಗ್ರೆನ್ಸ್', 'ಪರ್ಫ್ಯೂಮ್', 'ಲಿನಾಲೂಲ್', 'ಲಿಮೋನೀನ್' ಎಂಬ ಯಾವುದೇ ಹೆಸರು ಕಂಡರೂ ನಾನು ಆ ಟ್ಯೂಬನ್ನು ಹಿಂತಿರುಗಿಸುತ್ತೇನೆ. 'ಅನ್‌ಸೆಂಟೆಡ್' ಎಂದು ಬರೆದಿದ್ದರೂ ಸಾಲದು, ಏಕೆಂದರೆ ವಾಸನೆಯನ್ನು ಮುಚ್ಚುವುದಕ್ಕಾಗಿಯೇ ಬೇರೊಂದು ಸುಗಂಧ ಹಾಕಿರುವುದುಂಟು.

ಕ್ರೀಮು ಕೆಡದಂತೆ ಸೇರಿಸುವ ಸಂರಕ್ಷಕಗಳಲ್ಲಿ ನಾನು ಬೇಡವೆಂದು ಹುಡುಕುವುದು ಮುಖ್ಯವಾಗಿ ಮೀಥೈಲ್‌ಐಸೊಥಯಾಝೋಲಿನೋನ್ ಮತ್ತು ಫಾರ್ಮಾಲ್ಡಿಹೈಡ್ ಬಿಡುವ ಡಿಎಂಡಿಎಂ ಹೈಡಾಂಟಾಯಿನ್. ಪಟ್ಟಿಯ ಕ್ರಮವನ್ನು ಇಲ್ಲಿ ನೆನಪಿಡಬೇಕು. ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ, ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಅಲರ್ಜಿ ಇದ್ದವರಿಗೆ ಆ ಅಲ್ಪ ಪ್ರಮಾಣವೇ ಸಾಕು. ಆದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ಪಟ್ಟಿಯ ಬಾಲಕ್ಕೆ. ಅಕ್ಷರಗಳು ತೀರಾ ಸಣ್ಣವಾದ್ದರಿಂದ ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ಓದುತ್ತೇನೆ.

ಇನ್ನು ಬಿಸಿಲನ್ನು ತಡೆಯುವ ಪದಾರ್ಥಗಳು. ಬೆಂಝೋಫಿನೋನ್-3 ಎಂದು ಬರೆದಿರುವ ಆಕ್ಸಿಬೆಂಝೋನ್ ನನ್ನ ಪಟ್ಟಿಯಿಂದ ಪೂರ್ತಿ ಹೊರಗೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2014ರಲ್ಲಿ ಬೆಂಝೋಫಿನೋನ್‌ಗಳನ್ನು ಆ ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು. ಬಿಸಿಲನ್ನು ತಡೆಯುವ ಇನ್ನೊಂದು ಪದಾರ್ಥವಾದ ಅವೊಬೆಂಝೋನ್ ಬಿಸಿಲಿಗೇ ಒಡೆದುಹೋಗುವುದರಿಂದ ಅದನ್ನು ಹಿಡಿದಿಡಲು ಆಕ್ಟೊಕ್ರಿಲೀನ್ ಸೇರಿಸುವುದುಂಟು. ಕೀಟೊಪ್ರೊಫೆನ್ ಇರುವ ನೋವಿನ ಜೆಲ್ ಹಚ್ಚಿ ಅಲರ್ಜಿಯಾದವರಿಗೆ ಈ ಆಕ್ಟೊಕ್ರಿಲೀನ್ ಬಿಸಿಲಿನಲ್ಲಿ ತೊಂದರೆ ಕೊಡಬಹುದು. ಮಂಡಿ ನೋವಿಗೆಂದು ಯಾವ ಜೆಲ್ ಹಚ್ಚುತ್ತೀರಿ ಎಂದು ವೈದ್ಯೆ ಕೇಳಿದ್ದು ಇದೇ ಕಾರಣಕ್ಕೆ. ಝಿಂಕ್ ಆಕ್ಸೈಡ್ ಮತ್ತು ಟೈಟೇನಿಯಂ ಡೈಆಕ್ಸೈಡ್ ಅಲರ್ಜಿ ಮಾಡುವುದು ಬಹಳ ಅಪರೂಪ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2019ರ ತನ್ನ ಪ್ರಸ್ತಾವದಲ್ಲಿ ಸುರಕ್ಷಿತ ಹಾಗೂ ಪರಿಣಾಮಕಾರಿ ಎಂದು ಗುರುತಿಸಿದ್ದು ಇವೆರಡನ್ನೇ. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಚರ್ಮದ ಆಳಕ್ಕಿಳಿಯುವ ಯುವಿಎಯ ಉದ್ದ ಅಲೆಗಳನ್ನು ಝಿಂಕ್ ಹೆಚ್ಚು ಚೆನ್ನಾಗಿ ತಡೆಯುವುದರಿಂದ ನನ್ನ ಆಯ್ಕೆ ಅದು.

ಆದರೆ ಝಿಂಕ್ ನಮ್ಮ ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ, ಮತ್ತು ಆ ನಾಚಿಕೆಗೆ ತೆಳುವಾಗಿ ಹಚ್ಚಿಕೊಂಡರೆ ಪ್ರಯೋಜನವೇ ಇಲ್ಲ. ಬಿಸಿಲಿನ ಸುಡುವಿಕೆಯಿಂದ ಎಷ್ಟು ರಕ್ಷಣೆ ಎಂದು ಹೇಳುವ ಎಸ್‌ಪಿಎಫ್ ಅಂಕಿಯನ್ನು ಅಳೆಯುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಮುಖ, ಕುತ್ತಿಗೆಗೆ ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಬೇಕು. ಆಮೇಲೆ ನಾನು ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣಕ್ಕೆ ಹತ್ತಿರವಿರುವ ಲೋಷನ್ ತೆಗೆದುಕೊಂಡೆ. ಬಂಗನ್ನು ಹೆಚ್ಚಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ಐರನ್ ಆಕ್ಸೈಡ್ ಒಂದಷ್ಟು ತಡೆಯುತ್ತದೆ, ಇದು ನನಗೆ ಹೆಚ್ಚುವರಿ ಲಾಭ. ಎಸ್‌ಪಿಎಫ್ 30 ಶೇಕಡಾ 97ರಷ್ಟು ಚರ್ಮ ಸುಡುವ ಯುವಿಬಿ ಕಿರಣಗಳನ್ನು, 50 ಶೇಕಡಾ 98ರಷ್ಟನ್ನು ತಡೆಯುತ್ತದೆಯಾದ್ದರಿಂದ ಆ ಅಂಕಿಗಿಂತ ಪದಾರ್ಥಗಳ ಪಟ್ಟಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಪಟ್ಟಿಯಲ್ಲಿ ತೇರ್ಗಡೆಯಾದದ್ದನ್ನೂ ನೇರವಾಗಿ ಮುಖಕ್ಕೆ ಹಚ್ಚುವುದಿಲ್ಲ. ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಗಲದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ, ಒಂದು ವಾರದಿಂದ ಹತ್ತು ದಿನಗಳವರೆಗೆ ಹಚ್ಚಿ ನೋಡುತ್ತೇನೆ. ಮೊದಲೆರಡು ದಿನ ಏನೂ ಆಗದೆ ಐದನೆಯ ದಿನ ಕಡಿತ ಶುರುವಾಗುವುದು ಅಲರ್ಜಿಯ ಸ್ವಭಾವ. ಅಷ್ಟು ತಾಳ್ಮೆ ಬೇಕೇ ಬೇಕು. ತೋಳಿನ ಮರೆಯಲ್ಲಿ ಮಾಡುವ ಈ ಪರೀಕ್ಷೆ ಬಿಸಿಲು ಬಿದ್ದಾಗ ಮಾತ್ರ ಏಳುವ ಅಲರ್ಜಿಯನ್ನು ತೋರಿಸುವುದಿಲ್ಲ. ಅಂತಹ ಅನುಮಾನವಿದ್ದರೆ ಮನೆಯಲ್ಲಿ ಪ್ರಯೋಗ ಮಾಡದೆ, ಚರ್ಮರೋಗ ತಜ್ಞರ ಬಳಿ ಫೋಟೊಪ್ಯಾಚ್ ಟೆಸ್ಟ್, ಅಂದರೆ ಅಂಟಿಸಿದ ಜಾಗಕ್ಕೆ ಯುವಿಎ ಬೆಳಕು ಬೀಳಿಸಿ ನೋಡುವ ಪರೀಕ್ಷೆ, ಮಾಡಿಸುವುದೇ ಸರಿ.

ಈಗ ಬಳಸುವ ಲೋಷನ್ನಿನ ಪಟ್ಟಿಯ ಫೋಟೊ ನನ್ನ ಮೊಬೈಲಿನಲ್ಲಿದೆ. ಹೊಸ ಟ್ಯೂಬ್ ಕೊಳ್ಳುವಾಗಲೆಲ್ಲ ಅದರೊಡನೆ ಹೋಲಿಸಿ ನೋಡುತ್ತೇನೆ, ಏಕೆಂದರೆ ಹೆಸರು, ಬಣ್ಣ ಅದೇ ಇದ್ದರೂ ಒಳಗಿನ ಪದಾರ್ಥಗಳನ್ನು ಕಂಪನಿಗಳು ಬದಲಿಸುವುದುಂಟು. ಪಟ್ಟಿಯಲ್ಲಿ ಒಂದು ಹೆಸರು ಹೊಸದಾಗಿ ಸೇರಿದ್ದರೂ ಮೊಣಕೈಯ ಪರೀಕ್ಷೆಯನ್ನು ಮೊದಲಿನಿಂದ ಆರಂಭಿಸುತ್ತೇನೆ, ಅದು ಮುಗಿಯುವವರೆಗೆ ಹತ್ತಿಯ ಓಢಣಿ ಮತ್ತು ಅಗಲ ಅಂಚಿನ ಟೋಪಿಯಲ್ಲೇ ಗದ್ದೆಗೆ ಹೋಗುತ್ತೇನೆ.